ಕಡಲ ತೀರದ ವಿದ್ಯೆ, ಕರಸ್ಥಲದ ಲಿಂಗ

ವಿದ್ಯಾರ್ಜನೆಗಾಗಿ ಮಕ್ಕಳನ್ನು ಪರದೇಶಕ್ಕೆ ಕಳುಹಿಸುವ ಸದ್ಭಕ್ತರ ಮನೆಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ಕಡಲಾಚೆ ಹೋದ ಮಗು ಲಿಂಗಪೂಜೆಯನ್ನು ಬಿಟ್ಟೀತೇ ಎಂಬ ತಾಯಂದಿರ ಆತಂಕವೂ ಅದರೊಡನೆ ಹೆಚ್ಚುತ್ತಿದೆ. ಧಾರವಾಡ ಸೀಮೆಯ ಒಕ್ಕಲುತನದ ಮನೆಯ ಹೆಣ್ಣುಮಗಳೊಬ್ಬಳ ಅನುಭವವು ಈ ಆತಂಕಕ್ಕೆ ತಕ್ಕ ಸಮಾಧಾನವನ್ನು ಒದಗಿಸುವುದೆಂದು ನಾವು ಭಾವಿಸಿದ್ದೇವೆ.

ಕೃಷಿ ಪದವಿಯನ್ನು ಮುಗಿಸಿದ ಆಕೆ ಸಸ್ಯತಳಿ ಶಾಸ್ತ್ರದ ಉನ್ನತ ವ್ಯಾಸಂಗಕ್ಕಾಗಿ ಬ್ರಿಟನ್ನಿನ ವೇಲ್ಸ್ ನಾಡಿನ ಅಬರಿಸ್ಟ್‌ವಿತ್ ಎಂಬ ಊರಿಗೆ ತೆರಳಿದಳು. ತಂದೆ ಹೊಲದ ಮೇಲೆ ಸಾಲ ತೆಗೆದು ಕಳುಹಿಸಿದ್ದರು. ಅಬರಿಸ್ಟ್‌ವಿತ್ ಕಾರ್ಡಿಗನ್ ಕೊಲ್ಲಿಯ ದಂಡೆಯ ಮೇಲಿನ ಚಿಕ್ಕ ಊರು. ಅಲ್ಲಿಯ ವಿದ್ಯಾಲಯವು 1872ರಲ್ಲಿ, ಹೋಟೆಲಿಗೆಂದು ಕಟ್ಟಲಾರಂಭಿಸಿ ಅರ್ಧಕ್ಕೇ ನಿಂತಿದ್ದ ಕಡಲ ಮುಂದಣ ಕಟ್ಟಡವೊಂದರಲ್ಲಿ, ಕೇವಲ 26 ವಿದ್ಯಾರ್ಥಿಗಳೊಡನೆ ಆರಂಭವಾಯಿತು. ಮೊದಲ ಹತ್ತು ವರ್ಷ ಸರಕಾರದ ನೆರವಿರಲಿಲ್ಲ. ಗಣಿಗಳಲ್ಲಿ ದುಡಿಯುವವರೂ ಬಡ ಒಕ್ಕಲಿಗರೂ ತಮ್ಮ ಪ್ರಾರ್ಥನಾ ಮಂದಿರಗಳಲ್ಲಿ ಕೂಡಿಸಿಕೊಟ್ಟ ಕಾಸಿನಿಂದ ಅದು ಉಳಿಯಿತು. ಹುಲ್ಲು, ಓಟ್ಸ್ ಮೊದಲಾದ ಬೆಳೆಗಳ ತಳಿ ಸುಧಾರಣೆಯ ಕೇಂದ್ರವು ಅಲ್ಲಿ 1919ರಲ್ಲಿ ಸ್ಥಾಪನೆಯಾಯಿತು.

ಇದನ್ನು ಓದಿ ತಿಳಿದ ಆ ಮಗಳು, 'ಇದು ನಮ್ಮ ದಾಸೋಹದಂತೆಯೇ ಇದೆ' ಎಂದು ಮನೆಗೆ ಬರೆದಳು. ಶಿರಸಂಗಿಯ ಲಿಂಗರಾಜರು ತಮ್ಮ ಆಸ್ತಿಯನ್ನು ವಿದ್ಯೆಗೆ ಧಾರೆಯೆರೆದುದನ್ನೂ, ಮಠಗಳ ಪ್ರಸಾದನಿಲಯಗಳಿಗೆ ರೈತರು ಜೋಳದ ಚೀಲಗಳನ್ನು ತಂದೊಪ್ಪಿಸಿದುದನ್ನೂ ಬಲ್ಲವರಿಗೆ ಆಕೆಯ ಮಾತು ಸಹಜವಾಗಿಯೇ ತೋರುವುದು.

ಆದರೆ ಆಕೆಗೆ ಬೇರೊಂದು ತೊಡಕು ಎದುರಾಯಿತು. ವಿದ್ಯಾರ್ಥಿನಿಲಯದ ಕೋಣೆಯಲ್ಲಿ ದೀಪ, ಧೂಪ, ಕರ್ಪೂರಗಳನ್ನು ಹಚ್ಚುವಂತಿಲ್ಲ. ಹೊಗೆ ಎದ್ದರೆ ಅಪಾಯದ ಗಂಟೆ ಬಾರಿಸುತ್ತದೆ. ಬಿಲ್ವಪತ್ರೆಯಂತೂ ದೊರೆಯದು. ಡಿಸೆಂಬರಿನಲ್ಲಿ ಅಲ್ಲಿ ಹಗಲು ಎಂಟು ಗಂಟೆಗಿಂತಲೂ ಕಡಿಮೆ. ಬೆಳಗಿನ ಎಂಟಾದರೂ ಸೂರ್ಯೋದಯವಿಲ್ಲ. ದೀಪವಿಲ್ಲದ ಪೂಜೆ ಪೂಜೆಯೇ ಅಲ್ಲವೆಂದು ಎಣಿಸಿ ಆಕೆ ಒಂದು ತಿಂಗಳು ಪೂಜೆಯನ್ನೇ ನಿಲ್ಲಿಸಿದಳು. ತಾಯಿ ಕಣ್ಣೀರಿಟ್ಟು ನಮ್ಮಲ್ಲಿಗೆ ಬಂದರು.

ನಾವು ಹೇಳಿಕಳುಹಿಸಿದುದಿಷ್ಟೆ: ದೀಪಧೂಪಗಳು ಉಪಚಾರಗಳು, ಲಿಂಗದಲ್ಲಿ ದೃಷ್ಟಿಯನ್ನೂ ಮನಸ್ಸನ್ನೂ ನಿಲ್ಲಿಸುವುದೇ ಪೂಜೆ. ಅಂಗೈಯಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ನಾಲಗೆಯಲ್ಲಿ ಷಡಕ್ಷರಿ ಇದ್ದರೆ ಸಾಕು. ಗುಡಿಯ ಹಂಗಿಲ್ಲದಂತೆ, ಪೂಜಾರಿಯ ಹಂಗಿಲ್ಲದಂತೆ ದೇವರನ್ನು ದೇಹದ ಮೇಲೆಯೇ ಧರಿಸುವ ಮಾರ್ಗವನ್ನು ಶರಣರು ತೋರಿದರು. ಅಂಥ ದೇವರಿಗೆ ಊರಾವುದು, ಪರವೂರಾವುದು? ಮರುದಿನದಿಂದಲೇ ಮಗಳು ಕತ್ತಲಿರುವಾಗಲೇ ಎದ್ದು, ಮಿಂದು, ಲಿಂಗವನ್ನು ಕರಸ್ಥಲಕ್ಕೆ ತಂದುಕೊಂಡಳು. ತೆರೆಗಳ ಸದ್ದೇ ತನಗೆ ಗಂಟೆಯ ನಾದವೆಂದು ಮುಂದೆ ತಿಳಿಸಿದಳು.

ಕಾಯಕದ ವಿಚಾರದಲ್ಲಿಯೂ ಒಂದು ಮಾತುಂಟು. ಪದವಿ ವ್ಯಾಸಂಗಕ್ಕೆ ಬಂದ ಪರದೇಶದ ವಿದ್ಯಾರ್ಥಿಗಳು ಪಾಠದ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮೀರದಂತೆ ದುಡಿಯಲು ಅಲ್ಲಿಯ ಕಾನೂನು ಅವಕಾಶವಿತ್ತಿದೆ. ಆಕೆ ಅಂಗಡಿಯೊಂದರಲ್ಲಿ ಸಾಮಾನು ಜೋಡಿಸುವ ಕೆಲಸಕ್ಕೆ ಸೇರಿದಳು. ಉಳ್ಳವರ ಮಗಳು ಕೂಲಿಗೆ ನಿಂತಳೆಂದು ಊರಿನಲ್ಲಿ ಕೆಲವರು ಆಡಿಕೊಂಡರು. ಕಾಯಕದಲ್ಲಿ ಮೇಲುಕೀಳೆಣಿಸುವವರು ಬಸವಣ್ಣನವರ ಹೆಸರನ್ನು ಹೇಳುವುದು ವ್ಯರ್ಥವೆಂದೇ ನಾವು ಉತ್ತರಿಸಿದೆವು. ಆ ದುಡಿಮೆಯಲ್ಲಿ ಆಕೆ ತನ್ನ ಊಟದ ವೆಚ್ಚವನ್ನು ನೀಗಿಸಿಕೊಂಡಳು. ಉಳಿದುದರಲ್ಲಿ ಒಂದು ಪಾಲನ್ನು ತಾನು ಬಾಲ್ಯದಲ್ಲಿ ಉಂಡ ಪ್ರಸಾದನಿಲಯಕ್ಕೆ ಕಳುಹಿಸಿದಳು.

ಇಂದು ಆಕೆ ಮರಳಿ ಬಂದು ಜೋಳದ ತಳಿಗಳ ಸಂಶೋಧನೆಯಲ್ಲಿ ತೊಡಗಿದ್ದಾಳೆ. ಸಾಲದಲ್ಲಿ ಅರ್ಧ ಇನ್ನೂ ಉಳಿದಿದೆ. ಅದನ್ನು ತೀರಿಸುತ್ತಿರುವವಳೂ ಆಕೆಯೇ.

ಮಕ್ಕಳನ್ನು ಕಳುಹಿಸುವ ತಾಯಿತಂದೆಗಳಲ್ಲಿ ನಮ್ಮ ವಿನಂತಿಯೊಂದಿದೆ. ಉಪ್ಪಿನಕಾಯಿ, ಶೇಂಗಾ ಚಟ್ನಿಗಳನ್ನು ಕಟ್ಟಿಕೊಡಿರಿ, ಅದು ವಾತ್ಸಲ್ಯ. ಆದರೆ ಪೂಜೆಯ ಹೊಣೆಯನ್ನು ಮನೆಯ ಹಿರಿಯರಿಗಷ್ಟೇ ಬಿಟ್ಟ ಮನೆಯ ಮಗು ಒಂಟಿಯಾದಾಗ ಏನು ಮಾಡಬೇಕೆಂದು ಅರಿಯದು. ಪ್ರಯಾಣಕ್ಕೆ ಮುನ್ನ ಕೆಲವು ತಿಂಗಳಾದರೂ ಮಗುವು ತಾನೊಬ್ಬನೇ, ತಾನೊಬ್ಬಳೇ ಕುಳಿತು, ಅರ್ಥವನ್ನರಿತು ಪೂಜಿಸುವುದನ್ನು ರೂಢಿಸಿರಿ. ಆಚಾರವು ಕಡಲು ದಾಟಿದ್ದರಿಂದ ಕೆಡುವುದಿಲ್ಲ. ಮನೆಯಲ್ಲಿ ಅರಿವು ಮೂಡದಿದ್ದರೆ ಮಾತ್ರ ಕೆಡುತ್ತದೆ.