ಕಲ್ಲು ಹೇಳುವ ಸಾಕ್ಷಿ

ಮೈಸೂರಿನಿಂದ ಹುಣಸೂರಿಗೆ ಹೋಗುವ ಹೆದ್ದಾರಿಯಲ್ಲಿ ನಗರವು ಇನ್ನೇನು ಮುಗಿಯಿತೆನ್ನುವಲ್ಲಿ ಸಿಗುವ ಊರು ಹಿನಕಲ್. ಮುಗಿಯಿತೆನ್ನುವ ಮಾತು ಈಗ ಹೆಸರಿಗೆ ಮಾತ್ರ. ವರ್ತುಲ ರಸ್ತೆಯೂ ಮೇಲ್ಸೇತುವೆಯೂ ಬಂದ ಮೇಲೆ ಊರು ಯಾವುದು, ನಗರ ಯಾವುದು ಎಂದು ಗೆರೆ ಎಳೆದು ತೋರಿಸುವುದು ಕಷ್ಟ. ಇದೇ ದಾರಿಯನ್ನು ಹಿಡಿದು ಪಶ್ಚಿಮಕ್ಕೆ ಸಾಗಿದರೆ ಹುಣಸೂರು, ಅದರಾಚೆ ವೀರನಹೊಸಹಳ್ಳಿ, ಅಲ್ಲಿಂದ ಮುಂದೆ ನಾಗರಹೊಳೆಯ ಕಾಡು. ದಾರಿಯ ಒಂದು ತುದಿಯಲ್ಲಿ ವಿಶ್ವವಿದ್ಯಾನಿಲಯ, ಇನ್ನೊಂದು ತುದಿಯಲ್ಲಿ ಜೇನುಕುರುಬರ ಹಾಡಿ. ಈ ಎರಡು ತುದಿಗಳನ್ನೂ ಕೂಡಿಸುವ ಹಳೆಯ ಪ್ರಶ್ನೆಯೊಂದುಂಟು: ಕಲ್ಲಿಗೆ, ಮರಕ್ಕೆ, ಮೃಗಕ್ಕೆ ಮನುಷ್ಯನಂತೆ ಒಂದು ಚೇತನವಿದೆಯೆ?

ಹಳೆಯ ಮೈಸೂರು ಸೀಮೆಯ ಹಳ್ಳಿಗನನ್ನು ಹೀಗೆ ಕೇಳಿದರೆ ಅವನು ನಕ್ಕಾನು. ಅವನ ಊರ ಮುಂದೆ ಅರಳೀಕಟ್ಟೆ, ಕಟ್ಟೆಯ ಮೇಲೆ ನಾಗರಕಲ್ಲು, ಹೊಲದ ಬದುವಿನಲ್ಲಿ ವೀರಗಲ್ಲು, ಊರ ಗಡಿಯಲ್ಲಿ ಮಾರಮ್ಮ. ಮಗುವಿನ ಮೈಮೇಲೆ ಗುಳ್ಳೆ ಎದ್ದರೆ ‘ಅಮ್ಮ ಬಂದಿದ್ದಾಳೆ’ ಎನ್ನುತ್ತಾರೆಯೇ ಹೊರತು ರೋಗ ತಗುಲಿತೆನ್ನುವುದಿಲ್ಲ. ಸಿಡುಬು ಭೂಮಿಯಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಸಾರಿತು. ಅಮ್ಮ ಮಾತ್ರ ತನ್ನ ಗುಡಿಯಲ್ಲಿಯೇ ಇದ್ದಾಳೆ. ಇಂಥ ಊರುಗಳನ್ನು ನಗರವು ನುಂಗುತ್ತ ಬಂದಾಗ, ರಸ್ತೆಯನ್ನು ಅಗಲಗೊಳಿಸಲು ಬಂದವರು ನಾಗರಕಟ್ಟೆಯ ಮುಂದೆ ಅಳತೆಯ ಪಟ್ಟಿ ಹಿಡಿದು ಒಂದು ಗಳಿಗೆ ತಡೆದು ನಿಲ್ಲುವುದುಂಟು.

ಈ ಬಗೆಯ ನಂಬಿಕೆಗೆ ವಿದ್ವತ್ ಪ್ರಪಂಚದಲ್ಲಿ ಒಂದು ಹೆಸರನ್ನು ಗಟ್ಟಿಗೊಳಿಸಿದವನು ಇಂಗ್ಲೆಂಡಿನ ಎಡ್ವರ್ಡ್ ಬರ್ನೆಟ್ ಟೈಲರ್. 1871ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾದ ‘ಪ್ರಿಮಿಟಿವ್ ಕಲ್ಚರ್’ ಎಂಬ ಗ್ರಂಥದಲ್ಲಿ ಅವನು ಇದನ್ನು ಅನಿಮಿಸಂ ಎಂದು ಕರೆದನು. ಕನ್ನಡದಲ್ಲಿ ಸರ್ವಚೇತನವಾದವೆನ್ನಬಹುದು. ಅವನ ತರ್ಕ ಸರಳವಾದುದು. ಆದಿಮಾನವನು ಸತ್ತವನನ್ನು ಕನಸಿನಲ್ಲಿ ಕಂಡನು. ಹೆಣಕ್ಕೂ ಬದುಕಿದವನಿಗೂ ಇರುವ ಅಂತರವೇನೆಂದು ಚಿಂತಿಸಿದನು. ದೇಹವನ್ನು ಬಿಟ್ಟು ಅಲೆಯಬಲ್ಲ ಆತ್ಮವೊಂದುಂಟೆಂದು ಬಗೆದನು. ಬಳಿಕ ಅದನ್ನೇ ಮರಕ್ಕೂ ಮೃಗಕ್ಕೂ ಬಂಡೆಗೂ ಹಂಚಿದನು. ಇದು ಧರ್ಮದ ಮೊದಲ ಮೆಟ್ಟಿಲು. ಬಹುದೇವತಾರಾಧನೆ, ಏಕದೇವೋಪಾಸನೆಗಳು ಮೇಲಿನ ಮೆಟ್ಟಿಲುಗಳು. ಹೀಗೆ ಟೈಲರನು ಕಟ್ಟಿದ ಏಣಿಯಲ್ಲಿ ಕಾಡಿನವರಿಗೆ ದೊರೆತದ್ದು ಅತ್ಯಂತ ಕೆಳಗಿನ ಸ್ಥಾನ. ಅವನಿಗೆ ಆಧಾರವಾದದ್ದು ಬಹುಮಟ್ಟಿಗೆ ಪ್ರವಾಸಿಗರೂ ಧರ್ಮಪ್ರಚಾರಕರೂ ಬರೆದಿಟ್ಟ ವರದಿಗಳು.

ಈ ಏಣಿ ಗ್ರಂಥದಲ್ಲಿಯೇ ಉಳಿಯಲಿಲ್ಲ. ಭಾರತದ ಜನಗಣತಿಯೊಳಕ್ಕೂ ಇಳಿಯಿತು. 1901ರ ಗಣತಿಯಲ್ಲಿ ಗುಡ್ಡಗಾಡಿನ ಲಕ್ಷಾಂತರ ಜನರನ್ನು ‘ಅನಿಮಿಸ್ಟ್’ ಎಂಬ ಅಂಕಣದಲ್ಲಿ ಬರೆದರು. 1931ರಲ್ಲಿ ಅದರ ಬದಲಿಗೆ ‘ಬುಡಕಟ್ಟಿನ ಧರ್ಮ’ ಎಂಬ ಹೆಸರು ಬಂದಿತು. ಕಾಡಿನವನು ಮರಕ್ಕೆ ಕೈಮುಗಿದರೆ ಒಂದು ಅಂಕಣ, ಊರಿನವನು ಅಶ್ವತ್ಥವನ್ನು ಪ್ರದಕ್ಷಿಣೆ ಮಾಡಿದರೆ ಬೇರೊಂದು ಅಂಕಣ. ಗೆರೆಯನ್ನು ಎಲ್ಲಿ ಎಳೆಯಬೇಕೆಂಬ ತೊಡಕು ಎಣಿಸಲು ಹೋದ ಅಧಿಕಾರಿಗಳನ್ನೇ ಕಾಡಿತು.

ಗೆರೆ ಎಳೆಯುವುದು ಸುಲಭವಲ್ಲವೆಂಬುದಕ್ಕೆ ಭಾಷೆಗಳೇ ಸಾಕ್ಷಿ. ಲ್ಯಾಟಿನ್ನಿನ ‘ಅನಿಮ’, ಹೀಬ್ರೂವಿನ ‘ರುಆಖ್’, ಸಂಸ್ಕೃತದ ‘ಪ್ರಾಣ’ ಇವೆಲ್ಲವೂ ಉಸಿರನ್ನೂ ಜೀವವನ್ನೂ ಒಂದೇ ಮಾತಿನಲ್ಲಿ ಹಿಡಿಯುತ್ತವೆ. ಕನ್ನಡಿಗನೂ ‘ಉಸಿರು ನಿಂತಿತು’ ಎಂದೇ ಸಾವನ್ನು ಹೇಳುತ್ತಾನೆ. ಕನ್ನಡದ ವ್ಯಾಕರಣದಲ್ಲಿ ಸೂರ್ಯನು ಉದಯಿಸುತ್ತಾನೆ, ಚಂದ್ರನು ಮುಳುಗುತ್ತಾನೆ; ಕಲ್ಲು ಮಾತ್ರ ಬೀಳುತ್ತದೆ. ಉತ್ತರ ಅಮೆರಿಕದ ಒಜಿಬ್ವೆ ಜನರ ಭಾಷೆಯಲ್ಲಿ ಕಲ್ಲೂ ಸಚೇತನ ವರ್ಗಕ್ಕೆ ಸೇರಿದೆ. ಅವರೊಡನಿದ್ದು ಅಭ್ಯಸಿಸಿದ ಇರ್ವಿಂಗ್ ಹ್ಯಾಲೊವೆಲ್ 1960ರ ತನ್ನ ಪ್ರಬಂಧದಲ್ಲಿ, ಕಲ್ಲುಗಳಿಗೆಲ್ಲ ಜೀವವುಂಟೆ ಎಂದು ಒಬ್ಬ ವೃದ್ಧನನ್ನು ಕೇಳಿದ ಸಂಗತಿಯನ್ನು ಬರೆದಿದ್ದಾನೆ. ಎಲ್ಲಕ್ಕೂ ಇಲ್ಲ, ಕೆಲವಕ್ಕೆ ಉಂಟೆಂಬುದು ಆ ವೃದ್ಧನ ಉತ್ತರದ ತಾತ್ಪರ್ಯ. ಕಂಡದ್ದಕ್ಕೆಲ್ಲ ಆತ್ಮವನ್ನು ಹಂಚುವ ಮುಗ್ಧನ ಮಾತು ಇದಲ್ಲ. ಯಾವುದರೊಡನೆ ಒಡನಾಟ ಬೆಳೆಯಿತೆಂದು ನೋಡಿ ಹೇಳುವ ವಿವೇಕಿಯ ಮಾತು.

ದೊಡ್ಡ ಧರ್ಮಗಳು ಬಂದ ಕಡೆಯಲ್ಲಿಯೂ ಈ ಒಡನಾಟ ಅಳಿಯಲಿಲ್ಲ. ಜಪಾನಿನಲ್ಲಿ ‘ಕಾಮಿ’ ನೆಲಸಿದ ಹಳೆಯ ಮರದ ಬುಡಕ್ಕೆ ಹುಲ್ಲಿನ ಹಗ್ಗವನ್ನು ಸುತ್ತುತ್ತಾರೆ. ಬರ್ಮದ ಬೌದ್ಧರು ಬುದ್ಧನಿಗೆ ನಮಿಸುತ್ತಲೇ ‘ನಾಟ್’ಗಳೆಂಬ ದೈವಗಳಿಗೂ ಕಾಣಿಕೆ ಸಲ್ಲಿಸುತ್ತಾರೆ. ಥಾಯ್ಲೆಂಡಿನಲ್ಲಿ ಹೊಸ ಮನೆ ಕಟ್ಟುವವರು ನೆಲದ ದೈವಕ್ಕೆಂದು ಅಂಗಳದಲ್ಲಿ ಒಂದು ಪುಟ್ಟ ಮನೆಯನ್ನಿಡುತ್ತಾರೆ. ಕುರಾನಿನಲ್ಲಿ ಜಿನ್ನುಗಳ ಪ್ರಸ್ತಾಪವಿದೆ. ಆಂಡಿಸ್ ಪರ್ವತದ ಕ್ರೈಸ್ತ ರೈತನು ಕುಡಿಯುವ ಮುನ್ನ ಭೂತಾಯಿ ಪಾಚಮಾಮಾಳಿಗೆಂದು ನೆಲಕ್ಕೆ ಒಂದಿಷ್ಟು ಚೆಲ್ಲುತ್ತಾನೆ.

ಟೈಲರನ ಏಣಿಯನ್ನು ಅಲುಗಿಸಿದ ಮುಖ್ಯ ಅಧ್ಯಯನಗಳಲ್ಲಿ ಒಂದು ನಡೆದದ್ದು ಕರ್ನಾಟಕದ ಗಡಿಗೆ ತಾಗಿದ ನೀಲಗಿರಿಯ ಕಾಡಿನಲ್ಲಿ. ಅಲ್ಲಿನ ನಾಯಕ ಎಂಬ ಬುಡಕಟ್ಟಿನ ಜನರ ನಡುವೆ ಇಸ್ರೇಲಿನ ಮಾನವಶಾಸ್ತ್ರಜ್ಞೆ ನೂರಿತ್ ಬರ್ಡ್-ಡೇವಿಡ್ ಇದ್ದು ಬಂದರು. 1999ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ ಅನುವಾದಿಸದೆ ಉಳಿಸಿಕೊಂಡ ಪದ ‘ದೇವರು’. ಕನ್ನಡಿಗರು ದಿನಬೆಳಗಾದರೆ ಆಡುವ ಮಾತು ಹೀಗೆ ಮಾನವಶಾಸ್ತ್ರದ ಜಾಗತಿಕ ಚರ್ಚೆಯೊಳಗೆ ಸೇರಿತು. ಗೆಡ್ಡೆ ಅಗೆಯಲು ಹೋದ ಹೆಂಗಸಿನ ಬಳಿಗೆ ಕಲ್ಲೊಂದು ತಾನಾಗಿ ಬಂದಿತು, ಅವಳು ಅದನ್ನು ಗುಡಿಸಲ ಬಳಿ ತಂದಿರಿಸಿಕೊಂಡಳು, ಅದು ದೇವರು. ಪಕ್ಕದ ಕಲ್ಲು ಬರಿಯ ಕಲ್ಲು. ವರ್ಷಕ್ಕೊಮ್ಮೆ ನಡೆಯುವ ಹಬ್ಬದಲ್ಲಿ ದೇವರುಗಳು ಮೈಮೇಲೆ ಬರುತ್ತವೆ. ಜನ ಅವರೊಡನೆ ಹರಟುತ್ತಾರೆ, ದೂರುತ್ತಾರೆ, ಚೌಕಾಸಿ ಮಾಡುತ್ತಾರೆ. ಇದು ತಪ್ಪು ತಿಳಿವಳಿಕೆಯಲ್ಲ, ಸುತ್ತಲಿನ ಲೋಕದೊಡನೆ ನೆಂಟಸ್ತನವನ್ನು ನಡೆಸುತ್ತ ಅದನ್ನು ಅರಿಯುವ ದಾರಿ ಎಂಬುದು ಆ ವಿದುಷಿಯ ವಾದ.

ನೆಂಟಸ್ತನವೆಂದ ಮೇಲೆ ಜಗಳವೂ ಇರಬೇಕಷ್ಟೆ. ದಕ್ಷಿಣ ಕೊಡಗಿನ ದೇವರಪುರದಲ್ಲಿ ಮೇ ತಿಂಗಳಿನಲ್ಲಿ ನಡೆಯುವ ಕುಂಡೆಹಬ್ಬವನ್ನು ನೋಡಿದವರಿಗೆ ಇದು ಚೆನ್ನಾಗಿ ತಿಳಿದೀತು. ಬೇಟೆಗೆಂದು ಆದಿವಾಸಿಗಳನ್ನು ಕರೆದೊಯ್ದ ಅಯ್ಯಪ್ಪನು ಭದ್ರಕಾಳಿಯನ್ನು ಕಂಡು ಅವಳ ಹಿಂದೆ ಹೊರಟುಹೋದನಂತೆ. ಇವರನ್ನು ಕಾಡಿನಲ್ಲಿಯೇ ಕೈಬಿಟ್ಟನಂತೆ. ಆ ಸಿಟ್ಟಿಗೆ ಜೇನುಕುರುಬರೂ ಯರವರೂ ವೇಷ ಹಾಕಿಕೊಂಡು ದೇವರನ್ನು ಬಾಯ್ತುಂಬ ಬೈಯುತ್ತಾರೆ, ಕೊನೆಗೆ ಕೈಮುಗಿದು ಕ್ಷಮೆಯನ್ನೂ ಬೇಡುತ್ತಾರೆ. ತುಳುನಾಡಿನ ಭೂತಾರಾಧನೆಯಲ್ಲಿ ದೈವವೇ ಮನುಷ್ಯರನ್ನು ವಿಚಾರಿಸಿಕೊಳ್ಳುತ್ತದೆ. ಕಾಡುಹಂದಿಯ ಚೇತನವಾದ ಪಂಜುರ್ಲಿ, ಹುಲಿಯ ಚೇತನವಾದ ಪಿಲಿಚಾಮುಂಡಿ ಕೋಲದ ರಾತ್ರಿ ನ್ಯಾಯ ಹೇಳುತ್ತವೆ. ಜಾತಿಯ ಏಣಿಯಲ್ಲಿ ಕೆಳಗಿರಿಸಲ್ಪಟ್ಟ ನಲಿಕೆ, ಪರವ, ಪಂಬದರು ಭೂತ ಕಟ್ಟಿ ನಿಂತಾಗ ಗುತ್ತಿನ ಯಜಮಾನನು ಅವರೆದುರು ತಲೆಬಾಗುತ್ತಾನೆ.

ಇದೆಲ್ಲವೂ ಬರಿಯ ಬೆಳಕೆನ್ನಲಾಗದು. ದೆವ್ವ ಹಿಡಿಯಿತೆಂದು ರೋಗಿಯನ್ನು ವೈದ್ಯನ ಬಳಿಗೆ ಒಯ್ಯದೆ ಕೊಂದವರುಂಟು. ಮಾಟದ ಗುಮಾನಿಯಿಂದ ನೆರೆಯವರನ್ನು ಹಿಂಸಿಸಿದವರುಂಟು. ಕರ್ನಾಟಕದ ಶಾಸನಸಭೆ 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧ ಕಾಯಿದೆಯನ್ನು ಅಂಗೀಕರಿಸಬೇಕಾದುದು ಇಂಥ ಕಾರಣಗಳಿಂದಲೇ. ಆದರೆ ಭಯವನ್ನು ಮಾರಿ ಹೊಟ್ಟೆ ಹೊರೆಯುವವನನ್ನು ಶಿಕ್ಷಿಸುವುದು ಬೇರೆ, ಕಾಡಿನೊಡನೆ ನಂಟು ಕಟ್ಟಿಕೊಂಡ ಜನರನ್ನು ಅಜ್ಞಾನಿಗಳೆಂದು ತಳ್ಳಿಹಾಕುವುದು ಬೇರೆ. ಎರಡನೆಯದರ ಬೆಲೆ ಏನೆಂಬುದನ್ನು ತಿಳಿಯಲು ಹಿನಕಲ್ಲಿನ ದಾರಿಯ ಇನ್ನೊಂದು ತುದಿಗೆ ಹೋಗಬೇಕು.

ನಾಗರಹೊಳೆ 1955ರಲ್ಲಿ ವನ್ಯಧಾಮವಾಯಿತು. ಮುಂದೆ ರಾಷ್ಟ್ರೀಯ ಉದ್ಯಾನವೂ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಆನೆ ಹುಲಿಗಳಿಗೆ ನೆಲೆ ಬೇಕೆಂಬುದು ನ್ಯಾಯವಾದ ಮಾತು. ಆದರೆ ಆ ನೆಲೆಯಲ್ಲಿ ಆಗಲೇ ಮನುಷ್ಯರೂ ಇದ್ದರು. 1970ರ ದಶಕದಲ್ಲಿ ಕಬಿನಿ ಅಣೆಕಟ್ಟೆಯ ನೀರಿನಿಂದಲೂ, ಬಳಿಕ ಅರಣ್ಯದ ಕಟ್ಟಳೆಗಳಿಂದಲೂ ಹಾಡಿಗಳು ಹೊರಕ್ಕೆ ಬಂದವು. ಕೆಲವರಿಗೆ ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಮನೆ ಜಮೀನು ದೊರೆತವು. ಎಷ್ಟೋ ಮಂದಿ ಕೊಡಗಿನ ಕಾಫಿ ತೋಟಗಳ ಕೂಲಿಯ ಸಾಲುಮನೆಗಳನ್ನು ಸೇರಿದರು. ಮನೆಗೆ ಬದಲು ಮನೆ ಕೊಡಬಹುದು, ಎಕರೆಗೆ ಬದಲು ಎಕರೆ ಕೊಡಬಹುದು. ಜೇನು ಕೀಳುವಾಗ ಹಾಡಿ ಹುಳುಗಳನ್ನು ಒಲಿಸಿಕೊಳ್ಳುವ ಜನಕ್ಕೆ ಆ ಮರಗಳನ್ನೂ, ಹಿರಿಯರು ನೆಲಸಿದ ಕಲ್ಲುಗಳನ್ನೂ ಯಾವ ಕಡತದಿಂದ ತೆಗೆದು ಕೊಡುವುದು? 2025ರ ಮೇ ತಿಂಗಳಿನಲ್ಲಿ ಐವತ್ತಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ಕೊಡಗಿನ ಭಾಗದ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಮರಳಿ ಹೋಗಿ ಗುಡಿಸಲು ಹಾಕಿದವು. ಹಿರಿಯರೂ ದೈವಗಳೂ ಅಲ್ಲಿಯೇ ಇರುವರೆಂಬುದು ಅವರು ಮುಂದಿಟ್ಟ ಕಾರಣಗಳಲ್ಲೊಂದು. ಅರಣ್ಯ ಇಲಾಖೆ ಅದನ್ನು ಒಪ್ಪಲಿಲ್ಲ.

ಒಪ್ಪಿಕೊಂಡ ಉದಾಹರಣೆಯೂ ದೂರವಿಲ್ಲ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ಕಾಡನ್ನು ಕುಲವಾರು ‘ಯಲ್ಲೆ’ಗಳಾಗಿ ಹಂಚಿಕೊಂಡವರು. ಒಂದೊಂದು ಯಲ್ಲೆಗೂ ಅದರದೇ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ಅಲ್ಲಿನ ದೊಡ್ಡ ಸಂಪಿಗೆಯ ಮರವೇ ಅವರಿಗೆ ದೇವಾಲಯ. ಈ ತಾಣಗಳನ್ನು ಅವರು ಸಂಶೋಧಕರ ನೆರವಿನಿಂದ ನಕ್ಷೆಯ ಮೇಲೆ ಗುರುತಿಸಿದರು. 2006ರ ಅರಣ್ಯ ಹಕ್ಕು ಕಾಯಿದೆಯಂತೆ 2011ರಲ್ಲಿ ಅಲ್ಲಿನ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರಗಳು ದೊರೆತವು. ಅದೂ ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ.

ಆ ಕಾಯಿದೆಯಡಿ ರಚಿಸಿದ ನಿಯಮಗಳಲ್ಲಿ, ಕಾಡಿನ ಮೇಲಣ ಹಕ್ಕನ್ನು ರುಜುವಾತುಪಡಿಸಲು ಯಾವುದನ್ನೆಲ್ಲ ಸಾಕ್ಷ್ಯವೆಂದು ಸ್ವೀಕರಿಸಬಹುದೆಂಬ ಪಟ್ಟಿಯಿದೆ. ಸರ್ಕಾರಿ ದಾಖಲೆಗಳ ಜೊತೆಗೆ ಹಳೆಯ ಬಾವಿಗಳು, ಸಮಾಧಿಯ ನೆಲಗಳು, ಪವಿತ್ರ ಸ್ಥಳಗಳು ಎಂಬ ಮಾತು ಅಲ್ಲಿ ಸೇರಿದೆ. ಓದುಬರಹವಿಲ್ಲದ ಅಜ್ಜನು ಮುತ್ತುಗದೆಲೆಯಲ್ಲಿ ಎಡೆ ಇಟ್ಟು ಬಂದ ಕಲ್ಲು, ಮೊಮ್ಮಗನು ನೀಡುವ ಅರ್ಜಿಗೆ ಆಧಾರವಾಗಬಲ್ಲುದು. ಕಲ್ಲಿಗೆ ಚೇತನವುಂಟೆ ಇಲ್ಲವೆ ಎಂಬ ವಾದ ಪಂಡಿತರ ನಡುವೆ ಮುಂದುವರಿಯಲಿ. ಆ ಕಲ್ಲಿನೊಡನೆ ಮಾತನಾಡುತ್ತ ತಲೆತಲಾಂತರ ಬದುಕಿದ ಜನರೊಂದಿದ್ದರು ಎಂಬುದಕ್ಕಂತೂ ಅದು ಸಾಕ್ಷಿ ಹೇಳುತ್ತದೆ. ಕೇಳುವ ಕಿವಿ ಕಚೇರಿಯಲ್ಲಿ ಇರಬೇಕು, ಅಷ್ಟೆ.