ಮೆಣಸಿನಕಾಯಿ ಪೇಟೆಯಲ್ಲಿ ಸ್ಕ್ರೂಜ್

ಚಾರ್ಲ್ಸ್ ಡಿಕನ್ಸ್ 1843ರ ಡಿಸೆಂಬರಿನಲ್ಲಿ ಪ್ರಕಟಿಸಿದ 'ಎ ಕ್ರಿಸ್‌ಮಸ್ ಕ್ಯಾರೊಲ್' ಅನ್ನು ಬಹುಮಂದಿ ಜಿಪುಣನೊಬ್ಬನ ಮನಃಪರಿವರ್ತನೆಯ ಕತೆಯೆಂದೇ ಬಲ್ಲರು. ಅದರ ಹಿಂದೆ ಇದ್ದದ್ದು ಒಂದು ಸರ್ಕಾರಿ ವರದಿ. ಗಣಿ, ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಸ್ಥಿತಿಯನ್ನು ಅದರಲ್ಲಿ ಓದಿ ಕಂಗೆಟ್ಟ ಡಿಕನ್ಸ್ ಮೊದಲು ಕರಪತ್ರವೊಂದನ್ನು ಬರೆಯಲು ಹೊರಟಿದ್ದ. ಬಳಿಕ ಕತೆಯೇ ಹೆಚ್ಚು ನಾಟೀತೆಂದು ಬಗೆದ. ತಂದೆ ಸಾಲಕ್ಕಾಗಿ ಸೆರೆಮನೆ ಸೇರಿದಾಗ ಹನ್ನೆರಡರ ಬಾಲಕನಾಗಿದ್ದ ಅವನೂ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ದುಡಿದವನೇ.

ಕತೆಯಲ್ಲಿ ನನ್ನನ್ನು ಕಾಡುವುದು ಸರಪಳಿ ಎಳೆದುಕೊಂಡು ಬರುವ ಪ್ರೇತವಲ್ಲ. ಹಬ್ಬದ ಸಮೃದ್ಧಿಯನ್ನೆಲ್ಲ ಹೊತ್ತು ಬರುವ ಎರಡನೆಯ ಪ್ರೇತದ ನಿಲುವಂಗಿಯ ಅಡಿಯಲ್ಲಿ ಮುದುಡಿ ಕುಳಿತ ಇಬ್ಬರು ಮಕ್ಕಳು: ಹುಡುಗ ಅಜ್ಞಾನ, ಹುಡುಗಿ ದಾರಿದ್ರ್ಯ. ಅಂಗಿಯನ್ನು ಸರಿಸುವವರೆಗೆ ಅವರು ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾವೇರಿ ಸೀಮೆಯ ಪದವಿ ತರಗತಿಯೊಂದರಲ್ಲಿ ಇದನ್ನು ಪಾಠ ಮಾಡುವಾಗ, ಗುಮಾಸ್ತ ಬಾಬ್ ಕ್ರಾಚಿಟ್ ಅಷ್ಟು ಕಡಿಮೆ ಸಂಬಳಕ್ಕೂ ಕೆಲಸ ಬಿಡಲಿಲ್ಲವೇಕೆ ಎಂದು ಕೇಳಿದೆ. ಬ್ಯಾಡಗಿ ಕಡೆಯ ಹುಡುಗಿಯೊಬ್ಬಳು, 'ಮುಂಗಡ ತಗೊಂಡಿರಬೇಕ್ರಿ ಸರ' ಎಂದಳು. ಕತೆಯಲ್ಲಿ ಅಂಥ ಸಂಗತಿಯೇನೂ ಇಲ್ಲ. ಆದರೆ ಯಾವ ವಿಮರ್ಶಕನಿಗೂ ಹೊಳೆಯದ ಉತ್ತರವದು.

ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಖಾರಕ್ಕಿಂತ ಬಣ್ಣಕ್ಕೆ ಹೆಸರಾದ ಕಾಯಿ ಅದು. ಅದರ ಕೆಂಪು ಲಿಪ್‌ಸ್ಟಿಕ್‌ವರೆಗೂ ಹೋಗುತ್ತದೆ. ಆದರೆ ಅದರ ತುಂಬು ಬಿಡಿಸುವ ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ದಿನವಿಡೀ ಘಾಟಿನಲ್ಲಿ ಕೂಡುತ್ತಾರೆ. ಬಿಡಿಸಿದ ತೂಕಕ್ಕೆ ತಕ್ಕಂತೆ ಕೂಲಿ. ರಾತ್ರಿ ಉರಿಯುವ ಕೈಗಳಿಗೆ ಎಣ್ಣೆ ಸವರಿಕೊಂಡು ಮಲಗುತ್ತಾರೆ. ಕಾಯಿಯ ದರ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ, ತುಂಬು ಬಿಡಿಸಿದ ಕೂಲಿಯ ದರ ಬರುವುದಿಲ್ಲ. 2024ರ ಮಾರ್ಚ್‌ನಲ್ಲಿ ದರ ಕುಸಿದು ರೊಚ್ಚಿಗೆದ್ದ ರೈತರು ಎಪಿಎಂಸಿ ಆವರಣದಲ್ಲಿ ವಾಹನಗಳಿಗೆ ಬೆಂಕಿ ಹಚ್ಚಿದಾಗ ಮಾತ್ರ ನಾಡು ಇತ್ತ ತಿರುಗಿ ನೋಡಿತು.

ರಾಣೆಬೆನ್ನೂರು ಬೀಜೋತ್ಪಾದನೆಯ ಊರು. ಸಂಕರಣ ಬೀಜಕ್ಕಾಗಿ ಒಂದೊಂದು ಹೂವಿಗೂ ಕೈಯಾರೆ ಪರಾಗ ಸೋಕಿಸಬೇಕು. ಸಣ್ಣ ಬೆರಳುಗಳಿಗೆ ಬೇಡಿಕೆ ಹೆಚ್ಚು. ರಾಜ್ಯದ ಹತ್ತಿ ಬೀಜದ ಹೊಲಗಳಲ್ಲಿ ಶಾಲೆ ಬಿಟ್ಟ ಮಕ್ಕಳು ದುಡಿಯುತ್ತಿದ್ದುದು 2000ದ ದಶಕದ ಅಧ್ಯಯನಗಳಲ್ಲಿ ದಾಖಲಾಗಿದೆ.

ಬಡವರಿಗಾಗಿ ಚಂದಾ ಕೇಳಲು ಬಂದವರನ್ನು ಸ್ಕ್ರೂಜ್, ಸೆರೆಮನೆಗಳೂ ದುಡಿಮೆಯ ಗೃಹಗಳೂ ಮುಚ್ಚಿಹೋದವೇನು ಎಂದು ಕೇಳುತ್ತಾನೆ. ಅದು ಒಬ್ಬ ಜಿಪುಣನ ಮಾತಷ್ಟೇ ಅಲ್ಲ, ಇಂಗ್ಲೆಂಡಿನ 1834ರ ಬಡವರ ಕಾನೂನಿನ ತತ್ವವೇ ಅದಾಗಿತ್ತು. ನೆರವು ಹಿತವಾಗಿದ್ದರೆ ಬಡವರು ಹೆಚ್ಚುತ್ತಾರೆ. ಆದ್ದರಿಂದ ಅದನ್ನು ಕಹಿಯಾಗಿಸಬೇಕು. 2023ರ ಸೆಪ್ಟೆಂಬರಿನಲ್ಲಿ ಆಗಿನ ಜಿಲ್ಲಾ ಉಸ್ತುವಾರಿ ಸಚಿವ ಶಿವಾನಂದ ಪಾಟೀಲರು ಹಾವೇರಿಯಲ್ಲಿ, ಪರಿಹಾರವನ್ನು 5 ಲಕ್ಷ ರೂಪಾಯಿಗೆ ಏರಿಸಿದ ಬಳಿಕ ರೈತರ ಆತ್ಮಹತ್ಯೆಯ ವರದಿಗಳು ಹೆಚ್ಚಿದವು ಎಂದರು. 2008ರ ಜೂನ್‌ನಲ್ಲಿ ಗೊಬ್ಬರ ಕೇಳಿದ ರೈತರು ಪೊಲೀಸರ ಗುಂಡಿಗೆ ಬಲಿಯಾದ ಊರಿನಲ್ಲಿ ಆಡಿದ ಮಾತು ಅದು! ರೈತ ಸಂಘಟನೆಗಳು ಸಿಡಿದೆದ್ದವು; ನಗರದ ನಮ್ಮಂಥವರಲ್ಲಿ ಕೆಲವರು ಒಳಗೊಳಗೇ ತಲೆದೂಗಿದ್ದನ್ನೂ ನಾನು ಬಲ್ಲೆ.

ಬಡವರ ತಾಳಿಕೆಯನ್ನು ಮೆಚ್ಚುವುದು ನಮಗೆ ಸುಲಭ. ಇದೇ ಜಿಲ್ಲೆಯ ಬಾಡದಲ್ಲಿ ಹುಟ್ಟಿದ ಕನಕದಾಸರ 'ರಾಮಧಾನ್ಯಚರಿತೆ'ಯಲ್ಲಿ ಆರು ತಿಂಗಳ ಸೆರೆಯಲ್ಲಿ ಭತ್ತ ಕೆಟ್ಟು, ಬಡವರ ರಾಗಿ ಉಳಿಯುತ್ತದೆ. ರಾಗಿಯನ್ನು ಕೊಂಡಾಡುವ ಭರದಲ್ಲಿ ನಾವು ಸೆರೆಯನ್ನು ಮರೆಯುತ್ತೇವೆ. ಡಿಕನ್ಸನ ಬಗ್ಗೆಯೂ ನನಗೆ ತಕರಾರಿದೆ. ಒಬ್ಬ ಸ್ಕ್ರೂಜನ ಮನ ಕರಗಿ ಒಬ್ಬ ಗುಮಾಸ್ತನ ಸಂಬಳ ಏರಿತು. ಗಿರಣಿಯ ಹೆಂಗಸರು, ಎಳೆಯರ ದುಡಿಮೆಯನ್ನು ದಿನಕ್ಕೆ ಹತ್ತು ಗಂಟೆಗೆ ಮಿತಿಗೊಳಿಸಲು 1847ರ ಕಾನೂನೇ ಬರಬೇಕಾಯಿತು.

ನಮ್ಮಲ್ಲಿಯೂ ತಿದ್ದಬೇಕಾದದ್ದು ನಿಯಮವನ್ನೇ. ಆತ್ಮಹತ್ಯೆ ಪ್ರಕರಣಗಳನ್ನು ಉಪವಿಭಾಗಾಧಿಕಾರಿಯ ಸಮಿತಿ 'ಅರ್ಹ', 'ಅನರ್ಹ' ಎಂದು ವಿಂಗಡಿಸುತ್ತದೆ. ಪಹಣಿ ಮಾವನ ಹೆಸರಿನಲ್ಲಿದ್ದು, ಸಾಲ ಪರವಾನಗಿಯಿಲ್ಲದ ಲೇವಾದೇವಿಗಾರನ ಪುಸ್ತಕದಲ್ಲಿದ್ದರೆ ವಿಧವೆ ಏನನ್ನು ತೋರಿಸಬೇಕು? ಬಾಯಿಮಾತಿನ ಗೇಣಿಯಲ್ಲಿ ಉತ್ತವನ ಮನೆಯವರು ಏನನ್ನು ತೋರಿಸಬೇಕು? ಯಾರ ಹೊಲ ಯಾರು ಉಳುತ್ತಾರೆ, ಯಾರಿಗೆ ಎಷ್ಟು ಸಾಲವಿದೆ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ಗ್ರಾಮಸಭೆಯ ಆ ಸಾಕ್ಷ್ಯವನ್ನು ದಾಖಲೆಯೆಂದು ಸಮಿತಿ ಒಪ್ಪಿಕೊಳ್ಳಲಿ.