ಸೆನ್ಸರ್‌ಗೆ ಎಲ್ಲವೂ ಕಾಣುವುದಿಲ್ಲ

ಜ್ವರ ನೋಡುವ ಗನ್, ತಾನಾಗಿ ಹತ್ತುವ ದೀಪ, ಅಡುಗೆಮನೆಯ ಗ್ಯಾಸ್ ಅಲಾರಂ. ಇವು ಏನನ್ನು ಅಳೆಯುತ್ತವೆ ಎಂದು ಅಂಗಡಿಯಲ್ಲಿ ಕೇಳದೆಯೇ ಮನೆಗೆ ತಂದವರು ನಾವು. ತಪ್ಪು ನಂಬಿಕೆ ಹುಟ್ಟಿದ್ದು ಅಲ್ಲೇ.

ತಪ್ಪು ಕಲ್ಪನೆ: ಹಣೆಗೆ ಹಿಡಿಯುವ ಥರ್ಮಲ್ ಗನ್ ಕಿರಣ ಬಿಟ್ಟು ಮಿದುಳಿಗೆ ಹಾನಿ ಮಾಡುತ್ತದೆ.

ವಾಸ್ತವ: ಕೋವಿಡ್ ಕಾಲದಲ್ಲಿ ಈ ಮಾತು ಕೇಳಿ ನಾವೂ ಹಣೆಯ ಬದಲು ಮುಂಗೈ ಚಾಚಿದ್ದುಂಟು. ಅದರ ಆಕಾರ ಕಂಡರೆ ಅನುಮಾನ ಬರುವುದು ಸಹಜ. ಆದರೆ ಅದು ಜ್ವರ ಅಳೆಯಲು ಕಿರಣ ಬಿಡುವುದಿಲ್ಲ, ಬರಮಾಡಿಕೊಳ್ಳುತ್ತದೆ. ಚರ್ಮದಿಂದ ಸದಾ ಹೊಮ್ಮುವ ಇನ್‌ಫ್ರಾರೆಡ್ ಕಿರಣದಿಂದಲೇ ತಾಪ ಲೆಕ್ಕ ಹಾಕುತ್ತದೆ. ಕೈ ಸಾಮಾನ್ಯವಾಗಿ ಹಣೆಗಿಂತ ತಣ್ಣಗಿರುತ್ತದೆ. ಕೈ ಚಾಚಿದರೆ ಜ್ವರವೇ ಮರೆಯಾಗಬಹುದು.

ತಪ್ಪು ಕಲ್ಪನೆ: ಕೋಣೆಯಲ್ಲಿ ಜನರಿದ್ದರೂ ಸೆನ್ಸರ್ ದೀಪ ಆರಿದರೆ ಅದು ಕೆಟ್ಟಿದೆ.

ವಾಸ್ತವ: ಇಂಥ ದೀಪಗಳಲ್ಲಿ ಸಾಮಾನ್ಯವಾಗಿರುವ ಪಿಐಆರ್ ಸೆನ್ಸರ್ ಗುರುತಿಸುವುದು ಮನುಷ್ಯನನ್ನಲ್ಲ, ಶಾಖದ ಚಲನೆಯನ್ನು. ಅಲುಗಾಡದೆ ಕೂತರೆ ಅದರ ಪಾಲಿಗೆ ನಾವಿಲ್ಲ. ರಾಯಚೂರಿನ ಮೇ ತಿಂಗಳಲ್ಲಿ ಗೋಡೆಯೂ ಮೈಯಷ್ಟೇ ಕಾದಾಗ ಅದು ಇನ್ನಷ್ಟು ಮಂಕಾಗುತ್ತದೆ. ಮೆಟ್ಟಿಲಿಗೆ ಇದು ಒಳ್ಳೆಯದು. ಓದುವ ಕೋಣೆಗೆ ಸಾದಾ ಸ್ವಿಚ್ಚೇ ಸರಿ.

ತಪ್ಪು ಕಲ್ಪನೆ: ಗ್ಯಾಸ್ ಅಲಾರಂ ಎಲ್ಲಿ ಸಿಕ್ಕಿಸಿದರೂ ಸೋರಿಕೆ ಹಿಡಿಯುತ್ತದೆ.

ವಾಸ್ತವ: ಪ್ರಾಣಕ್ಕೆ ಎರವಾಗುವ ನಂಬಿಕೆ ಇದು. ನಾವೂ ಮೊದಲು ಅದನ್ನು ಎತ್ತರದ ಗೋಡೆಗೇ ಹೊಡೆಸಿದ್ದೆವು. ಸಿಲಿಂಡರಿನ ಅನಿಲದಲ್ಲಿರುವ ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು, ಬ್ಯುಟೇನ್ ಎರಡು ಪಟ್ಟು ಭಾರ. ಸೋರಿದ್ದು ನೀರಿನಂತೆ ತಗ್ಗಿಗೆ ಇಳಿದು ನೆಲದ ಮೇಲೆ ಹರಡುತ್ತದೆ. ಆದ್ದರಿಂದ ಸಿಲಿಂಡರ್ ಮನೆಯಲ್ಲಿ ಅಲಾರಂ ನೆಲದಿಂದ ಒಂದಡಿಯೊಳಗಿರಬೇಕು. ಬೆಂಗಳೂರಿನಲ್ಲಿ ಮನೆಗಳಿಗೆ ಬರುತ್ತಿರುವ ಪೈಪ್ ಗ್ಯಾಸ್ ಬಹುಪಾಲು ಮೀಥೇನ್. ಅದರ ತೂಕ ಗಾಳಿಯ ಅರ್ಧಕ್ಕಿಂತ ತುಸು ಹೆಚ್ಚಷ್ಟೆ, ಮೇಲೇರುತ್ತದೆ. ಅಲ್ಲಿ ಅಲಾರಂ ಸೂರಿನ ಹತ್ತಿರವಿರಬೇಕು. ಕೊಳ್ಳುವಾಗ ಯಾವ ಅನಿಲಕ್ಕೆ ತಯಾರಾದದ್ದೆಂದು ಓದಿ ನೋಡಿ.

ಸಾಮಾನ್ಯ ಅಲಾರಂನಲ್ಲಿ ಕಾಯಿಸಿದ ತವರದ ಆಕ್ಸೈಡಿನ ಪದರವಿರುತ್ತದೆ. ಉರಿಯುವ ಅನಿಲ ತಾಕಿದರೆ ಅದರಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಸೆಂಟು, ಸ್ಯಾನಿಟೈಸರಿನ ಆವಿಗೂ ಹಾಗೆಯೇ ಆಗುವುದರಿಂದ ಸುಮ್ಮಸುಮ್ಮನೆ ಕೂಗುವುದುಂಟು. ಬೇಸತ್ತು ಪ್ಲಗ್ ಕೀಳಬೇಡಿ. ಈ ಪದರ ವರ್ಷ ಕಳೆದಂತೆ ಸವೆಯುತ್ತದೆ. ತಯಾರಕರು ಹೇಳಿದ ಅವಧಿ ಮುಗಿದರೆ ಹೊಸದನ್ನೇ ತರಬೇಕು.

ತಪ್ಪು ಕಲ್ಪನೆ: ಗ್ಯಾಸ್ ಅಲಾರಂ ಇದ್ದರೆ ಗ್ಯಾಸ್ ಗೀಸರಿನ ಭಯವಿಲ್ಲ.

ವಾಸ್ತವ: ಮುಚ್ಚಿದ ಬಚ್ಚಲಲ್ಲಿ ಕೊಲ್ಲುವುದು ಸೋರಿದ ಗ್ಯಾಸ್ ಮಾತ್ರವಲ್ಲ. ಗಾಳಿ ಸಾಲದೆ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅಡುಗೆ ಅನಿಲದ ಅಲಾರಂ ಅದಕ್ಕೆಂದು ಮಾಡಿದ್ದಲ್ಲ. ಬೇರೆಯೇ ಸೆನ್ಸರ್ ಬೇಕು. ಬೆರಳಿನ ಆಕ್ಸಿಮೀಟರೂ ಮೋಸಹೋಗುತ್ತದೆ: ಈ ವಿಷ ಅಂಟಿದ ರಕ್ತವೂ ಅದಕ್ಕೆ ಆಮ್ಲಜನಕ ತುಂಬಿದ ರಕ್ತದಂತೆಯೇ ಕಾಣುತ್ತದೆ. ದಯವಿಟ್ಟು ಗ್ಯಾಸ್ ಗೀಸರನ್ನು ಬಚ್ಚಲ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ.